ಬೇರೆ ಯಾರೂ ಇಲ್ಲ

ಸನ್ಮಾನಕ್ಕೆ ಯಾವ ಸೀರೆ ಉಡುವುದೆಂದು ವಾರಿಜಾ ಬೆಳಗಿನಿಂದ ತನ್ನೊಡನೆ ತಾನೇ ವಾದಿಸುತ್ತಿದ್ದಳು. ಜೂಮಿನಲ್ಲಿ ಕಾಣುವುದು ಎದೆಯಿಂದ ಮೇಲೆ ಮಾತ್ರ, ಕೆಳಗೆ ನೈಟಿ ಇದ್ದರೂ ನಡೆಯುತ್ತೆ ಆಂಟಿ ಎಂದು ಚೈತನ್ಯಾ ಫೋನಿನಲ್ಲಿ ನಕ್ಕಿದ್ದಳು. ರೇಷ್ಮೆ ಉಟ್ಟರೆ, ಗಂಡ ಹೋಗಿ ಮೂರು ತಿಂಗಳು ತುಂಬಿಲ್ಲ, ಇವಳಿಗೆ ಹೇಗೆ ಮನಸ್ಸು ಬಂತು ಎನ್ನುವವರಿದ್ದಾರೆ. ಬಿಳಿಯ ಹತ್ತಿ ಸೀರೆ ಉಟ್ಟರೆ ದುಃಖವನ್ನು ಎಲ್ಲರೆದುರು ಹರವಿ ಒಣಗಲು ಹಾಕಿದಂತಾಗುತ್ತದೆ. ಕೊನೆಗೆ ಬೂದುಬಣ್ಣದ್ದೊಂದನ್ನು ತೆಗೆದಳು. ಕನ್ನಡಿಯ ಮುಂದೆ ಸೆರಗು ಸರಿಮಾಡಿಕೊಳ್ಳುವಾಗ, ಇಷ್ಟು ಹೊತ್ತಿನ ಯೋಚನೆಯಲ್ಲಿ ಅವರು ಒಂದು ಸಲವೂ ಬರಲಿಲ್ಲ, ಬಂದದ್ದೆಲ್ಲ ನೋಡುವವರ ಕಣ್ಣುಗಳೇ ಎಂಬುದು ಹೊಳೆದು ಕೈ ತಡೆಯಿತು. ಇದು ಹೊಸತಲ್ಲ. ನೋಡುವವರ ಕಣ್ಣಿನಲ್ಲೇ ಅವಳು ಬದುಕಿ ಬಂದಿದ್ದಳು. ಆ ಕಣ್ಣುಗಳು ಇಲ್ಲದ ಹೊತ್ತಿನಲ್ಲಿ ತಾನು ಹೇಗಿರುತ್ತೇನೆ ಎಂಬುದು ಈ ಜುಲೈ ತನಕ ಅವಳಿಗೂ ತಿಳಿದಿರಲಿಲ್ಲ.

ಹೊರಗೆ, ಮಲಯ ದೇಶದ ಪುಚೊಂಗಿನ ಮನೆಸಾಲಿನ ಆಚೆ ಎಲ್‌ಆರ್‌ಟಿ ರೈಲು ಒಬ್ಬಿಬ್ಬರನ್ನು ಹೊತ್ತು ಸರಿದುಹೋಯಿತು. ಬೀದಿ ಮೆಲ್ಲಗೆ ತೆರೆದುಕೊಳ್ಳುತ್ತಿತ್ತು. ಎರಡು ಲಸಿಕೆ ಆದವರು ಮಮಕ್ ತಿಂಡಿಯಂಗಡಿಯಲ್ಲಿ ಕೂತೇ ತಿನ್ನಬಹುದೆಂದು ಸರಕಾರ ಹೇಳಿತ್ತು. ಜನ ಮಾತ್ರ ಇನ್ನೂ ಹೆದರಿ ತಪಾವ್ ಎಂದು ಪೊಟ್ಟಣ ಕಟ್ಟಿಸಿಕೊಂಡೇ ಹೋಗುತ್ತಿದ್ದರು. ಎದುರುಮನೆಯ ತಮಿಳು ಕುಟುಂಬ ಜುಲೈಯಲ್ಲಿ ಗೇಟಿಗೆ ಕಟ್ಟಿದ್ದ ಬಿಳಿ ಬಟ್ಟೆಯನ್ನು ಬಿಚ್ಚಿರಲಿಲ್ಲ. ನಮಗೆ ಉಣ್ಣಲಿಕ್ಕಿಲ್ಲ, ಯಾರಾದರೂ ನೋಡಿ ಎಂದು ಮನೆಮನೆಯವರು ಬಿಳಿ ಬಾವುಟ ಏರಿಸಿದ ದಿನಗಳವು. ಆ ಮನೆಗೆ ಮೊದಲು ಅಕ್ಕಿ ಕೊಟ್ಟದ್ದು ವಾರಿಜಾಳೇ.

ಅಕ್ಕಿ ಸಹೋದರಿ ಸಮಾಜದ್ದು. ಮೂವತ್ತು ವರ್ಷಗಳ ಹಿಂದೆ ಪೆಟಾಲಿಂಗ್ ಜಯಾದ ಬಾಡಿಗೆ ಮನೆಯಲ್ಲಿ ಅವಳು ಕಟ್ಟಿದ ಸಮಾಜ. ಆಗ ಈ ಊರಿನಲ್ಲಿ ಗಂಡನ ಬಾಯಿಂದ ಬಿಟ್ಟರೆ ಬೇರೆ ಕಡೆ ಕನ್ನಡ ಕೇಳುತ್ತಿರಲಿಲ್ಲ. ಗಂಡ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡಲು ಹೋದರೆ ಉಡುಪಿಯ ಹುಡುಗಿಗೆ ಮಾತನಾಡಲು ಗೋಡೆ ಮಾತ್ರ. ಆರೇಳು ಹೆಂಗಸರನ್ನು ಹುಡುಕಿ ತಂದು ಚಾಪೆಯ ಮೇಲೆ ಕೂರಿಸಿ ಭಜನೆ ಎಂದು ಶುರುಮಾಡಿದಳು. ಭಜನೆ ನೆವ. ಒಬ್ಬಳಿಗೆ ಬಾಣಂತನ ಮಾಡುವವರಿರಲಿಲ್ಲ, ಮತ್ತೊಬ್ಬಳ ಗಂಡನಿಗೆ ಕೆಲಸ ಹೋಗಿತ್ತು. ಅಡುಗೆಗೆ ಅಕ್ಕಿ ತೊಳೆಯುವ ಮೊದಲು ಒಂದು ಮುಷ್ಟಿ ಬೇರೆ ತೆಗೆದಿಡಿ ಎಂದಳು. ಆ ಮುಷ್ಟಿ ಅಕ್ಕಿ ಎಷ್ಟೋ ಮನೆಗಳನ್ನು ದಾಟಿಸಿತ್ತು. ಹೆಣ್ಣಿಗೆ ಹೆಣ್ಣೇ ಆಸರೆ, ನಾವೆಲ್ಲ ಅಕ್ಕತಂಗಿಯರು ಎಂದು ಅವಳು ಪ್ರತಿ ವರ್ಷವೂ ಹೇಳುತ್ತಿದ್ದಳು. ಹೇಳುವಾಗ ಗಂಟಲು ತುಂಬಿಬರುತ್ತಿದ್ದುದು ನಟನೆಯಾಗಿರಲಿಲ್ಲ.

"ಆಂಟಿ, ಜಾಯಿನ್ ಆಗಿದೀರಾ? ವಿಡಿಯೋ ಆನ್ ಮಾಡಿ," ಎಂದು ಚೈತನ್ಯಾಳ ದನಿ ಬಂತು. ಮಾಂಟ್ ಕಿಯಾರಾದ ಕಾಂಡೋ ಒಂದರ ಬಿಳಿ ಗೋಡೆಯ ಮುಂದೆ ಅವಳು ಕೂತಿದ್ದಳು. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗಿ, ಈಗ ಸಮಾಜದ ಅಧ್ಯಕ್ಷೆ. ಪರದೆಯ ಚೌಕಗಳು ಒಂದೊಂದಾಗಿ ಹೊತ್ತಿಕೊಂಡವು. ಅವುಗಳಲ್ಲಿದ್ದ ಕೆಲವರ ಬಾಣಂತನವನ್ನು ವಾರಿಜಾಳೇ ಮಾಡಿದ್ದಳು. ವಾರಿಜಾ ಕೈಮುಗಿದು ಎಲ್ಲರನ್ನೂ ಹೆಸರು ಹಿಡಿದು ಮಾತನಾಡಿಸಿದಳು. ಯಾರೂ ಪ್ರತಿಕ್ರಿಯಿಸಲಿಲ್ಲ. ಮತ್ತೆ ಸ್ವಲ್ಪ ಗಟ್ಟಿಯಾಗಿ ಮಾತನಾಡಿಸಿದಳು.

"ಅಜ್ಜಿ, ಯು ಆರ್ ಆನ್ ಮ್ಯೂಟ್ ಲಾ," ಎಂದಳು ಚೈತನ್ಯಾಳ ಮಗಳು ಅನನ್ಯ, ಅಮ್ಮನ ಭುಜದ ಹಿಂದಿನಿಂದ ಇಣುಕಿ. ಚೌಕಗಳಲ್ಲಿ ನಗು ಅಲೆಯಂತೆ ಹಾದುಹೋಯಿತು. ವಾರಿಜಾಳೂ ನಕ್ಕಳು. ಕಿವಿ ಬಿಸಿಯಾಯಿತು.

ಮೊದಲು ಚೈತನ್ಯಾ ತಯಾರಿಸಿದ ಚಿತ್ರ, 'ನಮ್ಮ ಮೊದಲ ಅಕ್ಕ' ಎಂದು. ವಾರಿಜಾಳ ಬದುಕು ಕೊಳಲಿನ ಹಿನ್ನೆಲೆಯಲ್ಲಿ ಫೋಟೋ ಫೋಟೋವಾಗಿ ಜಾರಿತು. ಉದ್ದ ಜಡೆಯ ಹುಡುಗಿ ಸುಬಾಂಗ್ ವಿಮಾನ ನಿಲ್ದಾಣದಲ್ಲಿ, ಮಗ ನಿತ್ಯಾನಂದನನ್ನು ಸೊಂಟದ ಮೇಲೆ ಇಟ್ಟುಕೊಂಡ ತಾಯಿ, ಅಕ್ಕಿಮೂಟೆಯ ಪಕ್ಕ ಸೆರಗು ಸಿಕ್ಕಿಸಿಕೊಂಡು ನಿಂತ ಹೆಂಗಸು. ಅದು ತಾನೇ ಎಂದು ನಂಬಲು ಕಷ್ಟವಾಗುವಷ್ಟು ಚೆನ್ನಾಗಿತ್ತು. ಆಮೇಲೆ ಹತ್ತನೆಯ ವಾರ್ಷಿಕೋತ್ಸವದ ಫೋಟೋ ಬಂತು. ಹಸಿರು ಸೀರೆಯ ವಾರಿಜಾ ದೀಪ ಹಚ್ಚುತ್ತಿದ್ದಾಳೆ. ಅವಳ ಎಡಭುಜದ ಮೇಲೆ ಒಂದು ಕೈ. ತೆಳ್ಳಗಿನ ಕೈ, ಎರಡು ಬಳೆ. ಕೈಯ ಹಿಂದೆ ಮನುಷ್ಯರಿಲ್ಲ. ಅಲ್ಲಿ ಗೋಡೆಯ ಬಣ್ಣವನ್ನು ಎಳೆದು ಮುಚ್ಚಿದ್ದರು. ಎಲ್ಲ ಚೌಕಗಳಲ್ಲೂ ಕಣ್ಣುಗಳು ಒಂದೇ ಸಲ ಕೆಳಗಿಳಿದದ್ದು ವಾರಿಜಾಳಿಗೆ ಕಾಣಿಸಿತು. ಅವರಿಗೆಲ್ಲ ಗೊತ್ತಿತ್ತು. ಇಪ್ಪತ್ತು ವರ್ಷದಿಂದ ಗೊತ್ತಿತ್ತು. ತನಗೆ ಬೇಜಾರಾಗಬಾರದೆಂದು ಈ ಹುಡುಗಿ ಆ ಒಬ್ಬಳನ್ನು ಅಳಿಸಿದ್ದಾಳೆ, ಕೈಯನ್ನು ಅಳಿಸಲು ಮಾತ್ರ ಆಗಲಿಲ್ಲ, ಅಳಿಸಿದರೆ ತನ್ನ ಭುಜವೂ ಹೋಗುತ್ತಿತ್ತು.

ಆ ಕೈ ವಿನೋದಾಳದು. ಅವಳು ಮಣಿಪಾಲದಿಂದ ಅನಾಟಮಿ ಕಲಿಸಲು ಬಂದಾಗ ವಿಮಾನ ನಿಲ್ದಾಣಕ್ಕೆ ಹೋಗಿ ಕರೆತಂದವಳು ವಾರಿಜಾಳೇ. ಮನೆ ಸಿಗುವ ತನಕ ಇಲ್ಲೇ ಇರು ಮಾರಾಯ್ತಿ, ಒಬ್ಬಳೇ ಹುಡುಗಿ ಎಲ್ಲಿಗೆ ಹೋಗ್ತಿ ಎಂದು ಉಳಿಸಿಕೊಂಡಿದ್ದಳು. ತಲೆಗೆ ಎಣ್ಣೆ ಹಚ್ಚಿದ್ದಳು. ಸಮಾಜದ ಕಾರ್ಯದರ್ಶಿ ಮಾಡಿದ್ದಳು. ತನಗೊಬ್ಬ ತಂಗಿ ಇದ್ದಿದ್ದರೆ ಹೀಗೆಯೇ ಇರುತ್ತಿದ್ದಳು ಎಂದು ಗಂಡನಿಗೆ ಹೇಳಿದವಳೂ ಅವಳೇ. ಆಮೇಲೊಂದು ಬೆಳಿಗ್ಗೆ ಅವರು ದೋಸೆ ಮುರಿಯುತ್ತ, ತಟ್ಟೆಯಿಂದ ಕಣ್ಣೆತ್ತದೆ, "ಇನ್ನು ಪ್ರತಿ ಗುರುವಾರ ನಾನು ಪುತ್ರಜಯಾದಲ್ಲಿ ಇರ್ತೇನೆ," ಎಂದಿದ್ದರು.

"ಎಂತಕ್ಕೆ?"

"ವಿನೋದಾ ಅಲ್ಲಿ ಮನೆ ಮಾಡಿದ್ದಾಳೆ."

ಪೇಟೆಯಲ್ಲಿ ತರಕಾರಿ ಅಗ್ಗವಾಗಿದೆ ಎನ್ನುವ ದನಿ. ವಾರಿಜಾ ಕಾವಲಿಯ ಮೇಲಿನ ದೋಸೆಯನ್ನು ತಿರುವಿಹಾಕಿ, "ಊಟ?" ಎಂದಳು. "ಅಲ್ಲೇ," ಎಂದರು ಅವರು. ಇಪ್ಪತ್ತು ವರ್ಷಗಳಲ್ಲಿ ಅವರಿಬ್ಬರೂ ಅದರ ಬಗ್ಗೆ ಆಡಿದ ಮಾತು ಅಷ್ಟೇ. ಊರಿಗೆ ಹೋದಾಗ ಯಾವುದೋ ದೇವಸ್ಥಾನದಲ್ಲಿ ಇಬ್ಬರೂ ಹಾರ ಹಾಕಿಕೊಂಡರೆಂದು ಬಹಳ ಕಾಲದ ಮೇಲೆ ಕಿವಿಗೆ ಬಿತ್ತು. ಬಿಟ್ಟು ಹೋಗಬಹುದಿತ್ತು. ಆದರೆ ಸಹೋದರಿ ಸಮಾಜದ ಅಕ್ಕನ ಮನೆ ಒಡೆದರೆ ಉಳಿದವರ ಗತಿ ಏನೆಂದು ತನಗೆ ತಾನೇ ಕೇಳಿಕೊಂಡಳು. ಅದು ತ್ಯಾಗವೆಂದು ಆಗ ಅನಿಸಿತ್ತು. ಆಮೇಲೆ ಗಂಡನ ವಿಷಯ ಹೇಳಿ ಅಳುತ್ತ ಬಂದ ಹುಡುಗಿಯರಿಗೆಲ್ಲ, ಮನೆ ಉಳಿಸಿಕೊ, ದೊಡ್ಡ ಮನಸ್ಸು ಮಾಡು ಎಂದು ಬುದ್ಧಿ ಹೇಳಿದಳು. ಅವರು ಅವಳ ಮುಖ ನೋಡಿ ತೆಪ್ಪಗೆ ಎದ್ದು ಹೋಗುತ್ತಿದ್ದರು. ಗುರುವಾರಕ್ಕೆಂದು ಗಂಡನ ಚೀಲದಲ್ಲಿ ಇಸ್ತ್ರಿ ಮಾಡಿದ ಅಂಗಿ ಇಡುತ್ತಿದ್ದವಳೂ ಅವಳೇ. ವಿನೋದಾಳನ್ನು ಸಮಾಜದಿಂದ ತೆಗೆದುಹಾಕಲಿಲ್ಲ, ಅಂಥ ಸಣ್ಣತನ ಅವಳದಲ್ಲ. ಸಭೆಯ ದಿನವನ್ನು ಶನಿವಾರದಿಂದ ಗುರುವಾರಕ್ಕೆ ಬದಲಿಸಿದಳು, ಅಷ್ಟೇ. ಯಾರೂ ಕಾರಣ ಕೇಳಲಿಲ್ಲ. ವಿನೋದಾ ಮತ್ತೆ ಬರಲಿಲ್ಲ.

ಕೊಳಲು ಜೋರಾಯಿತು. ಪರದೆಯಲ್ಲಿ ಈಗ ಅವರ ಫೋಟೋ, ಮಾಲೆ ಹಾಕಿದ್ದು, ಡಾಕ್ಟರ್ ಯಜ್ಞನಾರಾಯಣ. ಚೈತನ್ಯಾಳ ದನಿ ಮೃದುವಾಗಿ ಓದುತ್ತಿತ್ತು: "ಈ ಜುಲೈನಲ್ಲಿ ಸರ್ ನಮ್ಮನ್ನೆಲ್ಲ ಅಗಲಿದರು. ಮಗ ಪೆನಾಂಗಿನಲ್ಲಿ ಕ್ವಾರಂಟೈನ್. ಯಾರೂ ಬರೋ ಹಾಗಿರಲಿಲ್ಲ. ಆ ದಿನ ನಮ್ಮ ಅಕ್ಕ ಒಬ್ಬರೇ ನಿಂತು, ಒಬ್ಬರೇ ಕೈಮುಗಿದು, ತಮ್ಮ ಯಜಮಾನರನ್ನು ಕಳಿಸಿಕೊಟ್ಟರು. ಅಂಥಾ ಧೈರ್ಯ."

ಚೌಕಗಳಲ್ಲಿ ಕೆಲವರು ಕಣ್ಣೊರೆಸಿಕೊಂಡರು. ವಾರಿಜಾ ತನ್ನ ಚೌಕದೊಳಗಿನ ತನ್ನ ಮುಖವನ್ನೇ ನೋಡಿದಳು. ಅದು ತಲೆಬಾಗಿತ್ತು, ಸನ್ಮಾನಿತರು ತಲೆಬಾಗುವ ಹಾಗೆ.

ಅವಳು ಅಲ್ಲಿ ನಿಂತಿರಲಿಲ್ಲ. ಈ ಕುರ್ಚಿಯಲ್ಲೇ, ಮಣಿಕಟ್ಟಿಗೆ ಆರೋಗ್ಯ ಇಲಾಖೆಯವರು ಕಟ್ಟಿದ ಗುಲಾಬಿ ಪಟ್ಟಿಯೊಂದಿಗೆ ಕೂತಿದ್ದಳು. ಅವಳಿಗೂ ಸೋಂಕು ತಗಲಿತ್ತು. ಗೇಟು ದಾಟಿದರೆ ದಂಡ. ಅದನ್ನು ಸಮಾಜದವರಿಗೆ ಹೇಳಿರಲಿಲ್ಲ, ಏಕೆಂದರೆ ಅದೇ ವಾರ ಅವಳ ಜಗುಲಿಯಿಂದಲೇ ಬಿಳಿ ಬಾವುಟದ ಮನೆಗಳಿಗೆಲ್ಲ ಅಕ್ಕಿಯ ಚೀಲಗಳು ಹೋಗಿದ್ದವು. ಅಕ್ಕನ ಕೈಯಿಂದ ರೋಗ ಬಂತೆಂದು ಯಾರಾದರೂ ಅಂದುಬಿಟ್ಟರೆ! ಚೈತನ್ಯಾ ಫೋನು ಮಾಡಿ, "ಎಲ್ಲಾ ಆಯ್ತಾ ಆಂಟಿ? ನೀವು ಹೋಗಿದ್ರಾ?" ಎಂದು ಅಳುತ್ತ ಕೇಳಿದಾಗ, "ಎಲ್ಲ ಆಯ್ತಮ್ಮ," ಎಂದಿದ್ದಳು. ಉಳಿದದ್ದನ್ನು ಚೈತನ್ಯಾಳೇ ತುಂಬಿಕೊಂಡು ಎಲ್ಲರಿಗೂ ಬರೆದಳು. ತಿದ್ದಬಹುದಿತ್ತು. ಓದಿದಳು. ಚೆನ್ನಾಗಿತ್ತು.

ಆದರೆ ಅವಳನ್ನು ತಿನ್ನುತ್ತಿದ್ದದ್ದು ಆ ಸುಳ್ಳಲ್ಲ. ಅವರನ್ನು ಆಂಬುಲೆನ್ಸ್ ಒಯ್ದ ಮರುದಿನ ಫೋನು ಬಂದಿತ್ತು. "ವಾರಿಜಕ್ಕ, ನಾನು ವಿನೋದಾ." ಇಪ್ಪತ್ತು ವರ್ಷದ ನಂತರವೂ ಅಕ್ಕ ಎಂದೇ. ಆಸ್ಪತ್ರೆಯವರು ಹೆಂಡತಿಗೆ ಬಿಟ್ಟು ಬೇರೆಯವರಿಗೆ ಏನೂ ಹೇಳುವುದಿಲ್ಲ, ಒಂದು ಮಾತು ತಿಳಿಸಿದರೆ ಸಾಕು ಎಂದು ಬೇಡಿದಳು. ಅಂದಿನಿಂದ ದಿನಾ ಸಂಜೆ ಅವಳ ಫೋನು. ವಾರಿಜಾ ಸುದ್ದಿಯನ್ನು ಬಡಿಸುತ್ತಿದ್ದಳು, ಎಲೆಯ ಕೊನೆಗೆ ಕೂತವರಿಗೆ ಬಡಿಸುವಂತೆ, ಇದ್ದದ್ದರಲ್ಲಿ ಸ್ವಲ್ಪ. ಜ್ವರ ಇಳಿದಿದೆ. ಗಂಜಿ ಕುಡಿದರಂತೆ. ಆಮ್ಲಜನಕ ಹೆಚ್ಚಿಸಿದ್ದನ್ನು ಹೇಳಲಿಲ್ಲ. ಅದು ತನ್ನದು ಎನಿಸಿತು. ಇಷ್ಟು ಕಾಲದಲ್ಲಿ ಮೊದಲ ಸಲ ಅವರ ಬಗ್ಗೆ ತನಗೊಬ್ಬಳಿಗೇ ಗೊತ್ತಿರುವ ವಿಷಯವೊಂದು ಕೈಗೆ ಸಿಕ್ಕಿತ್ತು. ಆ ಸಂಜೆಗಳಿಗಾಗಿ ತಾನು ಕಾಯುತ್ತಿದ್ದೆ ಎಂಬುದು ನೆನಪಾದರೆ ಈಗ ಹೇಸಿಗೆಯಾಗುತ್ತದೆ.

ಅವರು ಹೋದ ಬೆಳಿಗ್ಗೆ ನರ್ಸ್ ಫೋನು ಮಾಡಿದಳು. ಎಳೆಯ ದನಿಯ ಮಲಯ ಹುಡುಗಿ, ಮಾತಿನ ನಡುವೆ ಮೂಗು ಸೆಳೆದುಕೊಳ್ಳುತ್ತಿದ್ದಳು. ದಹನಕ್ಕೆ ಮಧ್ಯಾಹ್ನ ಒಯ್ಯುತ್ತಾರೆ, ಮನೆಯವರೊಬ್ಬರು ದೂರದಲ್ಲಿ ನಿಲ್ಲಬಹುದು, ಆದರೆ ಕ್ವಾರಂಟೈನಿನಲ್ಲಿ ಇರುವವರು ಬರುವಂತಿಲ್ಲ ಎಂದು ಇಂಗ್ಲಿಷಿನಲ್ಲಿ ವಿವರಿಸಿದಳು. ನೀವು ಬರಲಾಗುವುದಿಲ್ಲ, ಮಗ ಬರಲಾಗುವುದಿಲ್ಲ, ಕುಟುಂಬದಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂದು ಕೇಳಿದಳು. ವಾರಿಜಾಳ ಕಣ್ಣ ಮುಂದೆ ಪುತ್ರಜಯಾದ ಮನೆ ಬಂತು, ರೋಗವಿಲ್ಲದ, ಪಟ್ಟಿಯಿಲ್ಲದ, ಕಾರು ಓಡಿಸಬಲ್ಲ ಹೆಂಗಸು ಬಂದಳು. ಬಾಗಿಲು ಮುಚ್ಚಿದ ಹಾಗೆ ಬಾಯಿಂದ ಮಾತು ಬಿತ್ತು. "ಇಲ್ಲ. ಬೇರೆ ಯಾರೂ ಇಲ್ಲ."

"ಯಾರೂ ಇಲ್ಲವೇ ಮ್ಯಾಡಮ್?" ಹುಡುಗಿ ಮತ್ತೊಮ್ಮೆ ಕೇಳಿದ್ದಳು. ಅದು ದೇವರು ಕೊಟ್ಟ ಎರಡನೆಯ ಅವಕಾಶವೆಂದು ಆಮೇಲೆ ಎಷ್ಟೋ ಸಲ ಅನಿಸಿದೆ. "ಯಾರೂ ಇಲ್ಲ," ಎಂದಳು ವಾರಿಜಾ.

ಸಂಜೆ ವಿನೋದಾ ಫೋನು ಮಾಡಿ, "ಹೇಗಿದ್ದಾರೆ ಅಕ್ಕ?" ಎಂದಾಗ, ಅವರು ಬೂದಿಯಾಗಿ ಒಂದೆರಡು ತಾಸು ಕಳೆದಿತ್ತು. "ಹಾಗೇ ಇದ್ದಾರೆ," ಎಂದಳು. ಯೋಚಿಸಿ ಹೇಳಿದ್ದಲ್ಲ. ಆ ಒಂದು ದಿನ ತಾನೊಬ್ಬಳೇ ಅವರ ಹೆಂಡತಿಯಾಗಿರಬೇಕೆಂದು ಒಳಗೆಲ್ಲೋ ಒಬ್ಬಳು ಹಟ ಹಿಡಿದಿದ್ದಳು. ಮರುದಿನ ಹಸಿರು ಜಾಕೀಟಿನವನೊಬ್ಬ ಬೈಕಿನಲ್ಲಿ ಬಂದು ಗೇಟಿಗೆ ಒಂದು ಚೀಲ ಸಿಕ್ಕಿಸಿ ಹೋದ. ಫ್ಲಾಸ್ಕಿನಲ್ಲಿ ಸಾರು. ಅವರಿಗೆ ಗಂಟಲಿಗೆ ಹಿತವಾಗ್ತದೆ, ಆಸ್ಪತ್ರೆಗೆ ಯಾರ ಹತ್ರಾದರೂ ಕಳಿಸ್ತೀರಾ ಅಕ್ಕ ಎಂದು ವಿನೋದಾ ಫೋನಿಗೆ ಬರೆದಿದ್ದಳು. ವಾರಿಜಾ ಅದನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಬಹಳ ಹೊತ್ತು ನೋಡಿದಳು. ಎರಡು ದಿನದಿಂದ ಒಲೆ ಹಚ್ಚಿರಲಿಲ್ಲ. ಮುಚ್ಚಳ ತೆಗೆದಾಗ ಇಂಗಿನ ವಾಸನೆ ತಿಳಿಯದಷ್ಟು ಮೂಗು ಸತ್ತಿತ್ತು. ಲೋಟಕ್ಕೂ ಬಗ್ಗಿಸದೆ ಫ್ಲಾಸ್ಕಿನಿಂದಲೇ ಕುಡಿದಳು, ನಿಂತುಕೊಂಡೇ, ಕೊನೆಯ ಗುಟುಕಿನ ತನಕ. ಬಿಸಿ ಮಾತ್ರ ತಿಳಿಯಿತು. ಆ ಸಂಜೆ ಸಮಾಜದವರ ಸಂತಾಪ ಫೋನಿನಿಂದ ಫೋನಿಗೆ ಹಾರಿ ಪುತ್ರಜಯಾವನ್ನೂ ಮುಟ್ಟಿರಬೇಕು. ವಿನೋದಾಳ ಫೋನು ಮತ್ತೆ ಬರಲಿಲ್ಲ.

"ಈಗ ಯಾರಾದ್ರೂ ಎರಡು ಮಾತಾಡೋದಿದ್ರೆ ಮಾತಾಡ್ಬಹುದು," ಎಂದು ಚೈತನ್ಯಾ ಹೇಳುತ್ತಿದ್ದಳು. ಇಬ್ಬರು ಮೂವರು ಮಾತನಾಡಿದರು. ಆಮೇಲೆ, ಕೊನೆಯ ಸಾಲಿನಲ್ಲಿ, ಮುಖ ತೋರಿಸದ ಒಂದು ಕಪ್ಪು ಚೌಕದಿಂದ ದನಿ ಬಂತು.

"ನಾನು ವಿನೋದಾ. ಲಿಂಕ್ ಯಾರೋ ಕಳಿಸಿದ್ರು, ಬಂದೆ. ತಪ್ಪು ತಿಳ್ಕೊಳ್ಬೇಡಿ." ಎಲ್ಲ ಚೌಕಗಳೂ ಕಲ್ಲಾದವು. "ಒಂದೇ ಮಾತು ಹೇಳ್ಬೇಕಿತ್ತು. ವಾರಿಜಕ್ಕ, ಕಡೆಗೆ ನೀವು ಅವರೊಟ್ಟಿಗೆ ಇದ್ರಿ ಅಂತ ಈಗ ಕೇಳಿದೆ. ಮೊದಲೂ ಕೇಳಿದ್ದೆ. ಅವರು ಒಬ್ಬರೇ ಹೋಗ್ಲಿಲ್ಲ. ನಂಗೆ ಅಷ್ಟು ಸಾಕು. ನಿಮಗೆ ದೊಡ್ಡ ನಮಸ್ಕಾರ."

ಚೌಕ ಮಾಯವಾಯಿತು. ಚೈತನ್ಯಾ ಕೆಮ್ಮಿ, "ಥ್ಯಾಂಕ್ಯೂ ಮ್ಯಾಮ್... ಆಂಟಿ, ಈಗ ನೀವು, ಪ್ಲೀಸ್," ಎಂದಳು. ವಾರಿಜಾ ಬಾಯಿ ತೆರೆದಳು. ತಾನು ಏನು ಹೇಳುತ್ತೇನೋ ಎಂದು ಅವಳೇ ಹೆದರಿದಳು. ಆದರೆ ಬಾಯಿಗೆ ಮೂವತ್ತು ವರ್ಷದ ರೂಢಿಯಿತ್ತು. ಹೆಣ್ಣಿಗೆ ಹೆಣ್ಣೇ ಆಸರೆ ಎಂದಿತು, ನಾವೆಲ್ಲ ಅಕ್ಕತಂಗಿಯರು ಎಂದಿತು, ಗಂಟಲೂ ತುಂಬಿಬಂತು. ಎಲ್ಲರೂ ಸದ್ದಿಲ್ಲದೆ ಚಪ್ಪಾಳೆ ತಟ್ಟಿದರು.

ಗ್ರಾಬ್ ಬಾಡಿಗೆ ಕಾರಿನಲ್ಲಿ ಕೂತಾಗ ಅವಳು ಅದೇ ಬೂದುಬಣ್ಣದ ಸೀರೆಯಲ್ಲಿದ್ದಳು. ಎಂತಕ್ಕೆ ಹೋಗುತ್ತಿದ್ದೇನೆ ಎಂಬುದು ಸ್ಪಷ್ಟವಿರಲಿಲ್ಲ. ಆ ನಮಸ್ಕಾರವನ್ನು ಹಿಂದಕ್ಕೆ ಕೊಡಬೇಕಿತ್ತು. ಕಳ್ಳ ಮಾಲು ಮನೆಯಲ್ಲಿಟ್ಟುಕೊಂಡವರಿಗೆ ಆಗುವ ಹಾಗೆ ಮೈ ಉರಿಯುತ್ತಿತ್ತು. ಕಾರಿನವನು ತಮಿಳಿನಲ್ಲಿ, ಯಾರ ಮನೆಗಮ್ಮಾ ಎಂದು ಸುಮ್ಮನೆ ಕೇಳಿದ. "ತಂಗಚ್ಚಿ ಮನೆಗೆ," ಎಂದುಬಿಟ್ಟು ಮುಖವನ್ನು ಕಿಟಕಿಗೆ ತಿರುಗಿಸಿಕೊಂಡಳು. ಪುತ್ರಜಯಾದ ಅಗಲ ರಸ್ತೆಗಳಲ್ಲಿ ಮನುಷ್ಯರಿರಲಿಲ್ಲ. ದೊಡ್ಡ ದೊಡ್ಡ ಕಚೇರಿಗಳು ಕೆರೆಯ ನೀರಿನಲ್ಲಿ ತಮ್ಮನ್ನೇ ನೋಡಿಕೊಂಡು ನಿಂತಿದ್ದವು. ಬಹಳ ವರ್ಷಗಳ ಹಿಂದೆ ಒಂದು ಗುರುವಾರ, ಟ್ಯಾಕ್ಸಿ ಹಿಡಿದು ಇಲ್ಲಿಗೆ ಬಂದಿದ್ದಳು. ಬೀದಿಯ ತುದಿಯಲ್ಲಿ ನಿಂತು, ಆ ಮನೆಯ ಜಗುಲಿಯಲ್ಲಿ ಅವರ ಚಪ್ಪಲಿ ಪಕ್ಕದಲ್ಲಿ ಇನ್ನೊಂದು ಜೊತೆ ಚಪ್ಪಲಿ ನೋಡಿ, ಹಾಗೇ ಹಿಂದಿರುಗಿದ್ದಳು. ದಾರಿ ಮರೆತಿರಲಿಲ್ಲ.

ವಿನೋದಾ ಹೊರಗೆ ಬಂದಳು. ಅರ್ಧ ಕೂದಲು ಬೆಳ್ಳಗಾಗಿತ್ತು. ಮೂಗು ಬಾಯಿ ಮುಚ್ಚಿದ ನೀಲಿ ಮಾಸ್ಕಿನ ಮೇಲೆ ಕಣ್ಣು ಮಾತ್ರ ಅವೇ. ಗೇಟಿನ ತನಕ ಬಂದು ನಿಂತಳು. ತೆರೆಯಲಿಲ್ಲ, ತೆರೆಯುವುದನ್ನು ಮರೆತಂತೆ.

"ವಾರಿಜಕ್ಕ! ನೀವು... ಇಲ್ಲಿ?"

"ಹೂಂ."

ವಿನೋದಾ, ಕೇಳಲೋ ಬೇಡವೋ ಎನ್ನುವ ಹಾಗೆ, ಗೇಟಿನ ಸರಳು ಹಿಡಿದು ಕೇಳಿದಳು: "ಅಕ್ಕ, ಒಂದು ಕೇಳ್ಬಹುದಾ? ಫೋನಲ್ಲಿ ಕೇಳ್ಲಿಕ್ಕೆ ಧೈರ್ಯ ಬರ್ಲಿಲ್ಲ. ಅವರ ಮುಖ... ನೋಡ್ಲಿಕ್ಕೆ ಬಿಟ್ರಾ ನಿಮಗೆ? ಹೇಗಿತ್ತು? ಯಾವ ಬಟ್ಟೆ ಹೊದಿಸಿದ್ರು?"

ಹೇಳಿಬಿಡಬಹುದಿತ್ತು. ಶಾಂತವಾಗಿತ್ತು, ನಿದ್ದೆಯ ಹಾಗೆ ಎಂದು ಎರಡು ಮಾತು. ಅದು ಕರುಣೆಯೂ ಆಗುತ್ತಿತ್ತು. ವಾರಿಜಾ ಅದನ್ನು ನಾಲಗೆಯ ತನಕ ತಂದಳು. ಅದು ಸನ್ಮಾನದ ಮಾತಿನಷ್ಟೇ ಸಲೀಸಾಗಿ ಬರುತ್ತಿರುವುದನ್ನು ಕಂಡು ಹೆದರಿದಳು.

"ನಾನು ಇರ್ಲಿಲ್ಲ," ಎಂದಳು.

"ಆಂ?"

"ನಂಗೂ ಸೋಂಕು ಇತ್ತು. ಕೈಗೆ ಪಟ್ಟಿ ಕಟ್ಟಿದ್ರು. ಹೋಗ್ಲಿಕ್ಕೆ ಬಿಡ್ಲಿಲ್ಲ. ಚೈತನ್ಯಾ ಹೇಳಿದ್ದು ಸುಳ್ಳು. ಸುಳ್ಳು ಅವಳದ್ದಲ್ಲ, ನಂದು."

"ಮತ್ತೆ ಯಾರಿದ್ರು?"

"ಯಾರೂ ಇರ್ಲಿಲ್ಲ. ಆಸ್ಪತ್ರೆಯವರು ಕೇಳಿದ್ರು, ಬೇರೆ ಯಾರಾದರೂ ಇದ್ದಾರಾ ಅಂತ. ಎರಡು ಸಲ ಕೇಳಿದ್ರು." ವಾರಿಜಾ ಗೇಟಿನ ಚಿಲಕವನ್ನೇ ನೋಡುತ್ತ ಮುಂದುವರಿಸಿದಳು. "ನಾನು ಇಲ್ಲ ಅಂದೆ. ನೀನು ಇದ್ದಿ. ನಂಗೆ ಗೊತ್ತಿತ್ತು. ಆದರೂ ಇಲ್ಲ ಅಂದೆ. ಅವತ್ತು ಸಂಜೆ ನೀನು ಫೋನು ಮಾಡಿದಾಗ ಎಲ್ಲ ಮುಗಿದಿತ್ತು."

ಈಗ ಹಗುರವಾಗುತ್ತದೆ ಎಂದು ಅವಳು ಕಾದಳು. ವಿನೋದಾಳ ಕಣ್ಣುಗಳು ಅವಳನ್ನು ದಾಟಿ, ಬಿಸಿಲು ಬಿದ್ದ ರಸ್ತೆಯ ಮೇಲೆಲ್ಲೋ ಏನನ್ನೋ ಹುಡುಕುತ್ತಿದ್ದವು. ಅಲ್ಲಿ ಯಾರೂ ಇಲ್ಲದ ಚಿತಾಗಾರ ಕಾಣುತ್ತಿದೆ ಎಂದು ವಾರಿಜಾಳಿಗೆ ಒಮ್ಮೆಲೇ ಅರ್ಥವಾಯಿತು. ಇಷ್ಟು ದಿನ ಅದರಲ್ಲಿ ಒಬ್ಬ ಹೆಂಗಸು ಕೈಮುಗಿದು ನಿಂತಿದ್ದಳು. ಅವಳನ್ನು ಈಗ ವಾರಿಜಾಳೇ ಬಂದು ಅಳಿಸಿಬಿಟ್ಟಿದ್ದಳು.

"ನಾನು ಆ ದಿನ ಮನೆಯಲ್ಲೇ ಇದ್ದೆ," ಎಂದಳು ವಿನೋದಾ ಮೆಲ್ಲಗೆ. "ಮಧ್ಯಾಹ್ನ ಸುಮ್ಮನೆ ಮಲಗಿದ್ದೆ. ಕಾರು ಇಲ್ಲೇ ಇತ್ತು." ಆಮೇಲೆ, "ನೀವು ಇದನ್ನು ಹೇಳದೆ ಇರ್ಬಹುದಿತ್ತು ಅಕ್ಕ. ನೀವು ಇದ್ರಿ ಅಂತ ನಾನು ಹೇಗೋ ಇದ್ದೆ. ಈಗ ಇದನ್ನೂ ನಾನೇ ಇಟ್ಕೊಳ್ಬೇಕಾ?" ಎಂದಳು. ಸಿಟ್ಟಿನ ದನಿಯಲ್ಲ. ಸಿಟ್ಟಿದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

ಕ್ಷಮೆಯ ಮಾತು ವಾರಿಜಾಳ ಬಾಯಿಗೆ ಬರಲಿಲ್ಲ. ಕೊಡಲು ಏನಿದೆ ಎಂದು ಹುಡುಕಿದಳು. ಒಂದು ಇತ್ತು. ಅದನ್ನು ಚೈತನ್ಯಾಳಿಗೆ ಹೇಳಿರಲಿಲ್ಲ, ಮಗನಿಗೆ ಹೇಳಿರಲಿಲ್ಲ, ತನಗೆ ತಾನೇ ಹೇಳಿಕೊಂಡಿರಲಿಲ್ಲ. ವೆಂಟಿಲೇಟರ್ ಹಾಕುವ ಮೊದಲು ಆ ಮಲಯ ಹುಡುಗಿ ಫೋನು ಹಿಡಿದು ಅವರ ಮುಖ ತೋರಿಸಿದ್ದಳು. ಮಾಸ್ಕಿನೊಳಗೆ ಮಂಜು ಕಟ್ಟಿತ್ತು. ಮೂವತ್ತೈದು ವರ್ಷ ಒಟ್ಟಿಗಿದ್ದ ಹೆಂಡತಿಯ ಮುಖವನ್ನು ನೋಡುತ್ತ ಅವರು ಕೇಳಿದ್ದು ಒಂದೇ ಒಂದು. ಅದರಲ್ಲಿ ಅವಳಿರಲಿಲ್ಲ.

"ಅವರು ನಿನ್ನನ್ನು ಕೇಳಿದ್ರು," ಎಂದಳು. "ಕಡೆಗೆ, ವಿಡಿಯೋದಲ್ಲಿ. ವೆಂಟಿಲೇಟರ್ ಹಾಕುವುದನ್ನು ನಿಂಗೆ ಹೇಳಿದ್ಯಾ ಅಂತ. ಹೇಳಿದ್ದೇನೆ ಅಂದೆ. ಅದೂ ಸುಳ್ಳು. ಆದರೆ ಅವರು ನಂಬಿದ್ರು. ತಲೆ ಆಡಿಸಿದ್ರು."

ವಿನೋದಾ ಸರಳಿಗೆ ಹಣೆ ತಾಗುವಷ್ಟು ಹತ್ತಿರ ಬಂದಳು. "ಹೆಸರು ಹಿಡಿದು ಕೇಳಿದ್ರಾ?"

"ಹೂಂ."

"ಏನಂತ ಅಂದ್ರು?"

ವಾರಿಜಾ ಸುತ್ತ ನೋಡಿದಳು. ಕಾರಿನವನು ಎಂಜಿನ್ ನಿಲ್ಲಿಸಿ ಫೋನು ನೋಡುತ್ತಿದ್ದ.

"ವಿನೂ ಅಂತ."

"ಹಾಗಲ್ಲ. ಅವರು ಹೇಗೆ ಹೇಳಿದ್ರೋ ಹಾಗೆ ಹೇಳಿ."

ಅದು ಕೇಳಬಾರದ ಮಾತೆಂದು ಇಬ್ಬರಿಗೂ ತಿಳಿದಿತ್ತು. ವಾರಿಜಾ ತನ್ನ ಮಾಸ್ಕನ್ನು ಗಲ್ಲದ ಕೆಳಗೆ ಎಳೆದುಕೊಂಡಳು. ಕಣ್ಣು ಮುಚ್ಚಿದರೆ ಅವರ ಎದೆ ಏರಿಳಿಯುತ್ತಿದ್ದದ್ದು ಕಂಡಿತು. ಅವರು ಎಳೆದ ಹಾಗೆ ಉಸಿರೆಳೆದಳು, ಅವರು ನಿಂತಲ್ಲಿ ನಿಂತಳು. "ವಿ...ನೂಗೆ," ಎಂದಳು. ಮತ್ತೆ ಉಸಿರು. "ಹೇಳಿದ್ಯಾ?" ಇಪ್ಪತ್ತು ವರ್ಷ ಬಾಯಿಗೆ ಬಾರದ ಹಾಗೆ ಕಾದಿಟ್ಟ ಹೆಸರು ಅವರ ಪ್ರೀತಿಯ ಸಮೇತ ಅವಳ ಬಾಯಿಂದ ಹೊರಬಿತ್ತು, ಅಪರಿಚಿತ ಬೀದಿಯ ನಡುವೆ, ಹಗಲಲ್ಲಿ.

ವಿನೋದಾ ಕಣ್ಣು ಮುಚ್ಚಿಕೊಂಡಿದ್ದಳು. ಮಾಸ್ಕು ಒದ್ದೆಯಾಗಿ ಮುಖಕ್ಕೆ ಅಂಟುತ್ತಿತ್ತು.

"ಇನ್ನೊಮ್ಮೆ," ಎಂದಳು.

ವಾರಿಜಾ ಮತ್ತೆ ಉಸಿರೆಳೆದಳು. ಆದರೆ ಈ ಸಲ ಅವರ ದನಿ ಬರಲಿಲ್ಲ. ಅವಳದೇ ದನಿ ಬಂತು, ಮುದಿಯಾದ, ಒಡೆದ ದನಿ. "ವಿನೂ," ಎಂದಳು.

ಗೇಟಿನಾಚೆಯಿಂದ, ಕಣ್ಣು ತೆರೆಯದೆ, ವಿನೋದಾ "ಓ" ಎಂದಳು. ಯಾರಿಗೆ ಓಗೊಟ್ಟಳೆಂದು ವಾರಿಜಾ ಕೇಳಲಿಲ್ಲ.